ನೇರಳೆ ಜುಟ್ಟಿನ ಹಕ್ಕಿ

ಕನ್ನಡಕದ ಅಂಗಡಿ ಇಟ್ಟವನ ಕಷ್ಟ ಬೇರೆಯವರಿಗೆ ತಿಳಿಯುವಂಥದ್ದಲ್ಲ. ಚಪ್ಪಲಿ ಅಂಗಡಿಯವನು ಬರಿಗಾಲಲ್ಲಿ ಓಡಾಡಬಹುದು. ಬಾಚಣಿಗೆ ಮಾರುವವನ ತಲೆ ಬೋಳಾಗಿದ್ದರೂ ಯಾರೂ ಕೇಳುವುದಿಲ್ಲ. ಆದರೆ ಕನ್ನಡಕ ಮಾರುವವನು ಮಾತ್ರ ನಾಲ್ಕು ಜನರ ಎದುರು ನಿಂತು "ನನಗೆ ಕಾಣಿಸಲಿಲ್ಲ" ಎನ್ನುವಂತಿಲ್ಲ. ಅಂದರೆ ಮಾರನೆಯ ದಿನ ಅಂಗಡಿಗೆ ನೊಣವೂ ಬರುವುದಿಲ್ಲ. ಹೀಗೆಂದು ಮಸೂರಪ್ಪ ಬಲವಾಗಿ ನಂಬಿದ್ದ. ಮುಂದೆ ಆದದ್ದಕ್ಕೆಲ್ಲ ಈ ನಂಬಿಕೆಯೇ ಕಾರಣ.

ಮಸೂರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗಿರಾಕಿಗಳ ಮುಂದೆ ಸದಾ ಮಸೂರ ಹಿಡಿದು ಮಾತಾಡುತ್ತಿದ್ದುದರಿಂದ ಜನ ಇಟ್ಟದ್ದು. ಬಸ್ ನಿಲ್ದಾಣದ ಪಕ್ಕದ ಅವನ ಅಂಗಡಿಯಲ್ಲಿ ಒಂದು ಕನ್ನಡಿ, ಒಂದು ಎತ್ತರದ ಕುರ್ಚಿ, ಎದುರು ಗೋಡೆಗೆ ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಫಲಕ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಅಂಗಡಿಗೆ ರಜೆ. ಆ ದಿನ ಅವನು ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳಗಳನ್ನು ಅಳತೆಗೆ ತಕ್ಕಂತೆ ಜೋಡಿಸಿಡುತ್ತಿದ್ದ. ಸೋಮವಾರದಿಂದ ಶನಿವಾರದವರೆಗೆ ಹೆಂಡತಿ ಯಾವ ಡಬ್ಬಕ್ಕೆ ಯಾವ ಮುಚ್ಚಳವೆಂದು ಹುಡುಕುತ್ತಿದ್ದಳು.

"ರೀ, ದಮ್ಮಯ್ಯ, ಭಾನುವಾರ ಎಲ್ಲಾದರೂ ಹೊರಗೆ ಹೋಗಿ" ಎಂದಳು ಅವಳು ಒಂದು ದಿನ. "ಕೆರೆ ಬಳಗ ಅಂತ ಇದೆಯಂತೆ. ಬೆಳಿಗ್ಗೆ ಹೋಗಿ ಹಕ್ಕಿ ನೋಡ್ತಾರಂತೆ. ಪಕ್ಕದ ಮನೆ ಗಾರ್ಡ್ ಸಾಹೇಬರೂ ಹೋಗ್ತಾರೆ. ನೀವೂ ಹೋಗಿ ನೋಡಿ."

"ಹಕ್ಕಿ ನೋಡೋದಕ್ಕೆ ಅಲ್ಲಿಗೆ ಯಾಕೆ ಹೋಗಬೇಕು? ಕಿಟಕಿ ಇದೆಯಲ್ಲ?"

"ಕಿಟಕಿ ಅಡುಗೆಮನೇಲಿದೆ. ಅದಕ್ಕೇ ಹೇಳ್ತಿರೋದು."

ಹೀಗೆ ಮಸೂರಪ್ಪ ಪ್ರಕೃತಿಪ್ರೇಮಿಯಾದ.

ಊರಿನ ಅಂಚಿನಲ್ಲಿ, ಬಸ್ ಡಿಪೋದ ಹಿಂಭಾಗಕ್ಕೆ, ಒಂದು ಹಳೆಯ ಕೆರೆ. ಒಂದು ದಡಕ್ಕೆ ಕಟ್ಟೆ, ಇನ್ನೊಂದು ದಡದ ಉದ್ದಕ್ಕೂ ಆಳೆತ್ತರದ ಜೊಂಡು. ಕೆರೆ ಬಳಗವನ್ನು ಕಟ್ಟಿ ನಡೆಸುತ್ತಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರಿಗೂ ಟೀಚರಮ್ಮ. ಅವರು ಕಟ್ಟೆಯ ಮೇಲೆ ನಿಂತು, ತಲೆ ಸ್ವಲ್ಪ ವಾಲಿಸಿ, "ಅಗೋ, ಜೊಂಡಿನ ಎಡಗಡೆ, ನೀರಿನ ಮೇಲೆ" ಎಂದರೆ ಸಾಕು, ಬಳಗದವರ ಕತ್ತುಗಳೆಲ್ಲ ಒಮ್ಮೆಗೇ ಎಡಕ್ಕೆ ತಿರುಗುತ್ತಿದ್ದವು. ಬಳಗಕ್ಕೆ ಇದ್ದದ್ದು ಒಂದೇ ದುರ್ಬೀನು. ಅದು ಕೈಯಿಂದ ಕೈಗೆ ಹೋಗುತ್ತಿತ್ತು. ನೋಡಿದವರು "ಆಹಾ" ಎಂದು ಮುಂದಿನವರಿಗೆ ಕೊಡಬೇಕು. ಹಾಗಂತ ಬರೆದಿಟ್ಟ ನಿಯಮವೇನಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು.

ಮೊದಲ ಭಾನುವಾರವೇ ದುರ್ಬೀನು ಮಸೂರಪ್ಪನ ಕೈಗೆ ಬಂತು. ಕಣ್ಣಿಗಿಟ್ಟುಕೊಂಡ. ಎರಡು ಕಪ್ಪು ವೃತ್ತಗಳು ಕಂಡವು. ವೃತ್ತಗಳ ಸುತ್ತ ಏನೋ ಹುಲ್ಲಿನಂಥದ್ದು ಅಲ್ಲಾಡುತ್ತಿತ್ತು. ಅದು ಅವನದೇ ರೆಪ್ಪೆಕೂದಲು. ಕೆರೆಯಂತೂ ಕಾಣಲಿಲ್ಲ, ಇನ್ನು ಹಕ್ಕಿ ಎಲ್ಲಿಂದ ಬರಬೇಕು?

"ಕಂಡಿತಾ?" ಎಂದರು ಟೀಚರಮ್ಮ.

"ಆಹಾ" ಎಂದ ಮಸೂರಪ್ಪ.

ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಪಕ್ಕದಲ್ಲಿದ್ದವರು ಗಾರ್ಡ್ ಸಾಹೇಬರು. ಜೀವಮಾನವಿಡೀ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಕೆಂಪು ಹಸಿರು ಬಾವುಟ ಬೀಸಿದವರು. ಯಾವುದಕ್ಕೂ ಬಣ್ಣ ಕೇಳದೆ ಬಿಡುವ ಅಭ್ಯಾಸವಿಲ್ಲ.

"ಏನು ಬಣ್ಣ?"

"ನೇರಳೆ" ಎಂದ ಮಸೂರಪ್ಪ. ಯಾಕೆ ನೇರಳೆ ಎಂದನೋ ಅವನಿಗೇ ಗೊತ್ತಿಲ್ಲ.

"ಏನು ನೇರಳೆ?"

"ಜುಟ್ಟು."

ಬಳಗದವರೆಲ್ಲ ಒಟ್ಟು ಸೇರಿದರು. ಟೀಚರಮ್ಮನ ಹಕ್ಕಿಪುಸ್ತಕವನ್ನು ಚೀಲದಿಂದ ತೆಗೆದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದರು. ನೀರಿನ ಮೇಲೆ ತೇಲುವ, ನೇರಳೆ ಜುಟ್ಟಿನ ಹಕ್ಕಿ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿಲ್ಲದ್ದು ಸುಳ್ಳಿರಬೇಕು ಎಂದು ಯಾರಿಗಾದರೂ ಹೊಳೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅಪರೂಪದ್ದಿರಬೇಕು ಎಂದು ಎಲ್ಲರಿಗೂ ಹೊಳೆಯಿತು.

ಗಾರ್ಡ್ ಸಾಹೇಬರು ದುರ್ಬೀನು ಕಸಿದುಕೊಂಡರು. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ನೋಡಿದರು. "ಹೌದ್ರೀ! ನೇರಳೆ! ಕಡು ನೇರಳೆ! ಈಗ ಮುಳುಗಿತು!"

ಆಮೇಲೆ ಒಬ್ಬೊಬ್ಬರಿಗೂ ಕಂಡಿತು. ಮುಳುಗಿದ ಹಕ್ಕಿ ಕೆಲವರಿಗೆ ನೀರಿನೊಳಗೇ ಕಂಡಿತು. ಕೊನೆಗೆ ದುರ್ಬೀನು ಟೀಚರಮ್ಮನ ಬಳಿಗೆ ಬಂತು. ಅವರು ಬಹಳ ಹೊತ್ತು ಅದನ್ನು ಕಣ್ಣಿಗಿಟ್ಟುಕೊಂಡು ನಿಂತರು.

"ಹೂಂ" ಎಂದರು ನಿಧಾನವಾಗಿ. "ನಾನೂ ನೋಡಿದೆ."

ಟೀಚರಮ್ಮ ನೋಡಿದ ಮೇಲೆ ಇನ್ನೇನಿದೆ? ಹಕ್ಕಿ ಹುಟ್ಟಿಯೇ ಬಿಟ್ಟಿತು.

ವಾರ ಕಳೆಯುವುದರೊಳಗೆ ಊರಿನಲ್ಲಿ ಬೇರೆ ಮಾತೇ ಇಲ್ಲ. ಮಸೂರಪ್ಪನ ಭಾವಮೈದ ಬ್ಯಾನರ್ ಮುದ್ರಿಸುವವನು. ಯಾರೂ ಹೇಳದೆಯೇ, ಬಸ್ಸಿನಷ್ಟು ಉದ್ದದ ಬ್ಯಾನರ್ ಮಾಡಿ ಅಂಗಡಿಯ ಎದುರಿಗೇ ಕಟ್ಟಿದ. ಅದರಲ್ಲಿ ಹದ್ದಿನ ಮುಖ, ಬಾತುಕೋಳಿಯ ಮೈ, ಮೇಲೆ ಬದನೆಕಾಯಿಯಂಥ ಜುಟ್ಟು. ಪಕ್ಕದಲ್ಲಿ ಕೈಕಟ್ಟಿ ನಿಂತ ಮಸೂರಪ್ಪ.

"ಇದೇನೋ ಇದು, ಹಕ್ಕೀನ?" ಎಂದ ಮಸೂರಪ್ಪ ಗಾಬರಿಯಿಂದ.

"ಹೀಗಿಲ್ವಾ ಭಾವ? ಮತ್ತೆ ಹೇಗಿತ್ತು ಹೇಳಿ, ತಿದ್ದಿಬಿಡ್ತೀನಿ."

ಮಸೂರಪ್ಪ ಬ್ಯಾನರಿನಿಂದ ಕಣ್ಣು ತಿರುಗಿಸಿದ. "ಇರಲಿ ಬಿಡು. ಹೀಗೇ ಇತ್ತು."

ಅಂಗಡಿಗೆ ಜನ ಬರತೊಡಗಿದರು. ಕುರ್ಚಿಯ ಮೇಲೆ ಕೂತು, ಫಲಕದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿ, "ಅಕ್ಷರ ಕಾಣುತ್ತೆ ಸ್ವಾಮಿ, ಜುಟ್ಟೇ ಕಾಣ್ತಿಲ್ಲ. ಅದು ಕಾಣೋ ಹಾಗೆ ಏನಾದರೂ ಕೊಡಿ" ಎನ್ನುತ್ತಿದ್ದರು. ಇಸ್ತ್ರಿ ಅಂಗಡಿಯವನು ತಾನು ಬಟ್ಟೆ ಒಣಗಿಸುವಾಗ ಹಕ್ಕಿ ತಲೆಯ ಮೇಲೇ ಹಾರಿ ಹೋಯಿತೆಂದ. ಔಷಧಿ ಅಂಗಡಿಯವನಿಗೆ ಅದು ಜೋಡಿಯಾಗಿ ಕಂಡಿತ್ತು. ಬಾಲವೂ ನೇರಳೆಯೋ ಅಲ್ಲವೋ ಎಂಬ ವಿಷಯದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಬಿಡಿಸುವುದಕ್ಕೆ ಮಸೂರಪ್ಪನೇ ಹೋಗಬೇಕಾಯಿತು. "ಬಾಲ ಅರ್ಧ ನೇರಳೆ" ಎಂದು ಅವನು ತೀರ್ಪು ಕೊಟ್ಟ. ಇಬ್ಬರೂ ತಾವೇ ಗೆದ್ದೆವೆಂದು ಮನೆಗೆ ಹೋದರು.

ಹಕ್ಕಿಯನ್ನು ನೋಡಿಲ್ಲವೆಂದು ಹೇಳಿದವಳು ಊರಿನಲ್ಲಿ ಒಬ್ಬಳೇ. ಅದು ಮಸೂರಪ್ಪನ ಹೆಂಡತಿ.

"ಎಲ್ಲರೂ ಕೇಳ್ತಾರೆ, ನೀವಿನ್ನೂ ನೋಡಿಲ್ವಾ ಅಂತ. ಕಾಯಿಲೆಯವಳನ್ನ ವಿಚಾರಿಸೋ ಹಾಗೆ ವಿಚಾರಿಸ್ತಾರೆ. ನಿಜ ಹೇಳಿ, ನೀವು ನೋಡಿದ್ರಾ?"

"ಏನೇ ಇದು, ನನ್ನನ್ನೇ ಕೇಳ್ತೀಯಲ್ಲ? ಕನ್ನಡಕದ ಅಂಗಡಿ ಇಟ್ಟವನು ನಾನು!"

"ಅಂಗಡಿ ಇಟ್ಟಿದೀರಿ ಅಂತ ಗೊತ್ತು. ನೋಡಿದ್ರಾ ಅಂತ ಕೇಳಿದ್ದು."

ಮಸೂರಪ್ಪ ಎದ್ದು ಮುಚ್ಚಳ ಜೋಡಿಸಲು ಹೋದ.

ಸುದ್ದಿ ಪುರಸಭೆಗೂ ಮುಟ್ಟಿತು. ಅಲ್ಲಿಯವರೆಗೆ ಕೆರೆಯ ಕಡೆ ತಲೆ ಹಾಕಿ ಮಲಗದ ಎಂಜಿನಿಯರರು ಜೀಪಿನಲ್ಲಿ ಬಂದಿಳಿದರು. ಕಟ್ಟೆಯ ಮೇಲೆ ನಿಂತು ದುರ್ಬೀನು ಎತ್ತಿದರು. ಅದರ ಮುಂದಿನ ಎರಡು ಮುಚ್ಚಳಗಳೂ ಹಾಕಿದಂತೆಯೇ ಇದ್ದವು. ಮುಚ್ಚಳಗಳ ವಿಷಯದಲ್ಲಿ ಬಹಳ ಸೂಕ್ಷ್ಮ ಸ್ವಭಾವದವನಾದ ಮಸೂರಪ್ಪನಿಗೆ ಅದು ತಕ್ಷಣ ಕಾಣಿಸಿತು. ಹೇಳೋಣವೆಂದು ಕೈ ಎತ್ತಿದ.

"ಸ್ಪಷ್ಟವಾಗಿ ಕಾಣ್ತಿದೆ" ಎಂದರು ಎಂಜಿನಿಯರರು. "ಏನು ಜುಟ್ಟು, ಏನು ಜುಟ್ಟು!"

ಮಸೂರಪ್ಪ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

"ಇಂಥ ಹಕ್ಕಿಗೆ ನಾವು ಏನೂ ಮಾಡದೆ ಇದ್ದರೆ ನಾಳೆ ನಮ್ಮನ್ನ ಯಾರು ಕ್ಷಮಿಸ್ತಾರೆ?" ಎಂದು ಎಂಜಿನಿಯರರು ಮುಂದುವರಿಸಿದರು. "ಆ ಜೊಂಡು ಬಹಳ ಅಡ್ಡ ಇದೆ. ಪೂರ್ತಿ ಕತ್ತರಿಸಿ ತೆಗೆಯೋಣ. ಅಲ್ಲೊಂದು ವೀಕ್ಷಣಾ ವೇದಿಕೆ. ಸುತ್ತ ದೀಪ, ಕೂರೋದಕ್ಕೆ ಬೆಂಚು. ಹಕ್ಕಿಗೂ ಅನುಕೂಲ, ಜನಕ್ಕೂ ಅನುಕೂಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರಮ್ಮ ಮಾತ್ರ, "ಜೊಂಡು ಇದ್ದರೆ ಹಕ್ಕಿಗೆ ಒಳ್ಳೇದಲ್ವಾ?" ಎಂದು ಮೆಲ್ಲಗೆ ಕೇಳಿದರು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆ ದಿನದಿಂದ ಮಸೂರಪ್ಪನಿಗೆ ಅನ್ನ ಸೇರಲಿಲ್ಲ. ವೇದಿಕೆ ಎದ್ದು, ಊರಿಗೆ ಊರೇ ಬೆಂಚಿನ ಮೇಲೆ ಕೂತು, "ಎಲ್ಲಿ ತೋರಿಸಪ್ಪ" ಎಂದರೆ ಏನು ತೋರಿಸುವುದು? ದುರ್ಬೀನು ಕೇಳಿ ತಂದು, ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಕೆರೆಗೆ ಹೋಗತೊಡಗಿದ. ಎಲ್ಲಾದರೂ, ಯಾವುದಾದರೂ ಹಕ್ಕಿಯ ತಲೆಯ ಮೇಲೆ ಒಂದಿಷ್ಟು ನೇರಳೆ ಸಿಕ್ಕರೆ ಸಾಕು ಎಂಬುದಷ್ಟೇ ಅವನ ಆಸೆ. ಎರಡು ವೃತ್ತಗಳನ್ನು ಒಂದಾಗಿಸಲು ದುರ್ಬೀನನ್ನು ನಡುವೆ ಬಗ್ಗಿಸಬೇಕು, ನೋಟ ತಿಳಿಯಾಗಲು ನಡುವಿನ ತಿರುಗಣೆ ತಿರುಗಿಸಬೇಕು ಎಂಬುದು ಅವನಿಗೆ ಆಗ ಗೊತ್ತಾಯಿತು. ಮಸೂರಗಳ ಮಧ್ಯೆಯೇ ಬದುಕಿದವನು ಇದನ್ನು ಮೊದಲೇ ಯೋಚಿಸಬಹುದಿತ್ತು. ಆದರೆ ಆಹಾ ಎನ್ನುವ ಅವಸರದಲ್ಲಿ ತಿರುಗಣೆಗೆ ಪುರುಸೊತ್ತೆಲ್ಲಿ?

ತಿರುಗಿಸಿದ. ಕೆರೆ ಕಣ್ಣೆದುರು ಬಂದು ನಿಂತಿತು.

ಜೊಂಡಿನ ಬುಡದಲ್ಲಿ ಕೊಳೆತ ಪಾಚಿಯ ಒಂದು ಗುಪ್ಪೆ ತೇಲುತ್ತಿತ್ತು. ಯಾರೋ ಎಸೆದ ಕಸ ಎಂದುಕೊಂಡ. ಅಷ್ಟರಲ್ಲಿ ಆ ಕಸದ ಪಕ್ಕದಲ್ಲೇ ನೀರು ಗುಳುಕ್ಕೆಂದಿತು. ಒಂದು ಕುಳ್ಳ ಕಂದು ಹಕ್ಕಿ ಮೇಲೆ ಬಂತು. ಬಾಲವೇ ಇಲ್ಲ. ಯಾರೋ ಅರ್ಧ ಮಾಡಿ ಎದ್ದು ಹೋದಂತಿತ್ತು. ಅದು ಸುತ್ತ ನೋಡಿ, ಗುಪ್ಪೆಯ ಮೇಲೆ ಹತ್ತಿ, ಕೊಕ್ಕಿನಿಂದ ಒದ್ದೆ ಪಾಚಿಯ ಎಳೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿತು. ಕೆಳಗೆ ಮೊಟ್ಟೆಗಳಿದ್ದವು. ಹಕ್ಕಿ ಅವುಗಳ ಮೇಲೆ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಡಿಪೋದಲ್ಲಿ ಬಸ್ಸೊಂದು ಜೋರಾಗಿ ಹಾರನ್ ಹೊಡೆಯಿತು. ಹಕ್ಕಿ ಗಡಿಬಿಡಿಯಿಂದ ಎದ್ದಿತು. ಎದ್ದರೂ, ಆ ಗಡಿಬಿಡಿಯಲ್ಲೂ, ಪಾಚಿಯನ್ನು ಮತ್ತೆ ಮೊಟ್ಟೆಗಳ ಮೇಲೆ ಎಳೆದು ಮುಚ್ಚಿಯೇ ನೀರಿಗೆ ಇಳಿಯಿತು.

ಮುಚ್ಚಳ! ಮಸೂರಪ್ಪ ಅಲ್ಲೇ ಕೂತುಬಿಟ್ಟ. ಆ ದಿನ ಅಂಗಡಿ ತೆರೆದದ್ದು ತಡವಾಗಿ.

ದುರ್ಬೀನಿನ ಜೊತೆಗೇ ಕೇಳಿ ತಂದಿದ್ದ ಹಕ್ಕಿಪುಸ್ತಕದಲ್ಲಿ ಅದರ ಚಿತ್ರ ಮೊದಲ ಪುಟಗಳಲ್ಲೇ ಇತ್ತು. ಗುಳುಮುಳುಕ. ಸಾಮಾನ್ಯ ಹಕ್ಕಿ, ಕೆರೆಗಳಲ್ಲಿ ಎಲ್ಲೆಡೆ ಕಾಣುತ್ತದೆ ಎಂದು ಬರೆದಿತ್ತು. ಮಸೂರಪ್ಪ ಇಷ್ಟು ವರ್ಷ ಅದೇ ಕೆರೆಯ ಪಕ್ಕದಲ್ಲಿ ಓಡಾಡಿದ್ದ. ಅವನಿಗೆ ಒಮ್ಮೆಯೂ ಕಂಡಿರಲಿಲ್ಲ.

"ಈಗ ಜೊಂಡು ಕತ್ತರಿಸಿದರೆ ಗೂಡು ಹೋಗುತ್ತಲ್ಲೇ" ಎಂದ ಹೆಂಡತಿಗೆ. ಆಮೇಲೆ ಉಳಿದದ್ದನ್ನೂ ಹೇಳಿದ. ಎರಡು ಕಪ್ಪು ವೃತ್ತ, ರೆಪ್ಪೆಕೂದಲು, ನೇರಳೆ, ಎಲ್ಲ.

ಹೆಂಡತಿ ನಗಲಿಲ್ಲ. ಅವಳು ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಹೋಗಿ ಹೇಳಿ" ಎಂದಳು. "ಆಡಿಕೊಂಡು ನಗ್ತಾರೆ. ನಗಲಿ. ಎಷ್ಟು ದಿನ ನಗ್ತಾರೆ?"

ಮೊದಲು ಗಾರ್ಡ್ ಸಾಹೇಬರ ಮನೆಗೆ ಹೋದ. ಅವರು ಚಹಾ ಕೊಟ್ಟು ಪೂರ್ತಿ ಕೇಳಿದರು. ಕೇಳಿ, ಬಹಳ ಕನಿಕರದಿಂದ ಅವನ ಭುಜ ತಟ್ಟಿದರು.

"ಪಾಪ, ನಿಮಗೆ ಕಂಡಿರಲಿಲ್ಲ ಅನ್ನಿ. ಪರವಾಗಿಲ್ಲ, ಎಲ್ಲರಿಗೂ ಕಾಣಲ್ಲ. ಆದರೆ ನಾನು ನೋಡಿದೀನಲ್ಲ?"

"ಸಾಹೇಬರೇ, ಅದು ನಾನು ಬಾಯಿಗೆ ಬಂದದ್ದು ಹೇಳಿದ್ದು. ಅಂಥ ಹಕ್ಕಿ ಇಲ್ಲ."

"ನೀವು ಬಾಯಿಗೆ ಬಂದದ್ದು ಹೇಳಿರಬಹುದು. ನಾನು ಕಣ್ಣಿಗೆ ಬಂದದ್ದು ಹೇಳಿದೆ."

ಭಾವಮೈದನಿಗೆ ಹೇಳಿದರೆ ಅವನು ಕಿವಿ ಮುಚ್ಚಿಕೊಂಡ. "ಭಾವ, ಇಷ್ಟು ದೊಡ್ಡ ಬ್ಯಾನರ್ ಕಟ್ಟಿದ ಮೇಲೆ ಹಕ್ಕಿ ಇಲ್ಲ ಅಂದರೆ ಹೇಗೆ?" ಎಂದ. ಎಂಜಿನಿಯರರನ್ನು ಕಾಣಲು ಪುರಸಭೆಗೆ ಹೋದರೆ ಅವರು ಸಭೆಯಲ್ಲಿದ್ದರು. ಜೊಂಡು ಕತ್ತರಿಸುವ ವಿಷಯಕ್ಕೇ ಸಭೆ. ಟೀಚರಮ್ಮನ ಮನೆಯ ಬಾಗಿಲವರೆಗೂ ಹೋದವನು ಗಂಟೆ ಒತ್ತದೆ ವಾಪಸು ಬಂದ. ಅವರು ನೋಡಿದೆ ಎಂದಿದ್ದರಲ್ಲ. ಅವರ ಮುಖಕ್ಕೆ ನೇರವಾಗಿ ಸುಳ್ಳೆನ್ನುವುದು ಹೇಗೆ?

ಆ ಭಾನುವಾರ ಕೆರೆಯ ದಡದಲ್ಲಿ ಶಾಮಿಯಾನ ಎದ್ದಿತು. ಕುಡುಗೋಲು ಹಿಡಿದ ಕೆಲಸದವರು ಸಾಲಾಗಿ ನಿಂತರು. ಊರಿನ ಅರ್ಧ ಜನ ಸೇರಿದರು. ಎಂಜಿನಿಯರರು ಮೈಕಿನ ಮುಂದೆ ನಿಂತು, ಅಪರೂಪದ ಅತಿಥಿಯ ಬಗ್ಗೆ ಮಾತಾಡಿ, ಮೊದಲ ಜೊಂಡನ್ನು ತಾವೇ ಕತ್ತರಿಸುವುದಕ್ಕೆಂದು ಪ್ಯಾಂಟಿನ ತುದಿ ಮಡಚಿ ಕುಡುಗೋಲು ಕೈಗೆ ತೆಗೆದುಕೊಂಡರು.

ಅಷ್ಟರಲ್ಲಿ ನೀರಿನಲ್ಲಿ ದೊಡ್ಡ ಸದ್ದಾಯಿತು. ಎಲ್ಲರೂ ತಿರುಗಿದರು. ಮಸೂರಪ್ಪ ಜೊಂಡಿನ ಮುಂದೆ, ಸೊಂಟದವರೆಗಿನ ಕೆಸರಿನಲ್ಲಿ, ಎರಡೂ ಕೈ ಅಗಲಿಸಿ ನಿಂತಿದ್ದ. ಒಂದು ಚಪ್ಪಲಿ ಆಗಲೇ ಬೇರೆ ಕಡೆ ತೇಲಿ ಹೋಗುತ್ತಿತ್ತು.

"ಅಯ್ಯೋ ಬಿದ್ದುಬಿಟ್ರು!" ಎಂದರು ಯಾರೋ.

"ಬಿದ್ದಿಲ್ಲ, ಇಳಿದಿದೀನಿ" ಎಂದು ಕೂಗಿದ ಮಸೂರಪ್ಪ. ನಿಜ ಹೇಳಬೇಕೆಂದರೆ ಅರ್ಧ ಇಳಿದಿದ್ದ, ಅರ್ಧ ಬಿದ್ದಿದ್ದ. "ಎಲ್ಲರೂ ಕೇಳಿ. ನೇರಳೆ ಜುಟ್ಟಿನ ಹಕ್ಕಿ ಇಲ್ಲ. ನಾನು ಸುಳ್ಳು ಹೇಳಿದೆ. ಅವತ್ತು ನನಗೆ ಏನೂ ಕಾಣಲಿಲ್ಲ. ಕನ್ನಡಕ ಮಾರೋನಿಗೆ ಕಾಣಲಿಲ್ಲ ಅಂತ ಹೇಳೋದಕ್ಕೆ ನಾಚಿಕೆಯಾಯ್ತು. ಅಷ್ಟೇ."

ಇಷ್ಟು ಹೇಳಿ ಅವನು ನಗುವಿಗೆ ಕಾದ. ಯಾರೂ ನಗಲಿಲ್ಲ. ಜನಕ್ಕೆ ಸಿಟ್ಟು ಬಂತು.

"ಹಾಗಾದರೆ ನಾವೆಲ್ಲ ನೋಡಿದ್ದೇನು?" ಎಂದ ಇಸ್ತ್ರಿ ಅಂಗಡಿಯವನು.

"ಜೋಡಿಯಾಗಿತ್ತು ಕಣ್ರೀ!" ಎಂದ ಔಷಧಿ ಅಂಗಡಿಯವನು. ಬಾಲದ ವಿಷಯಕ್ಕೆ ಜಗಳಾಡಿದ್ದ ಇಬ್ಬರೂ ಈಗ ಒಂದಾಗಿದ್ದರು.

ಎಂಜಿನಿಯರರ ಮುಖ ಕೆಂಪಾಯಿತು. "ನಾನು ಖುದ್ದಾಗಿ ನೋಡಿ ವರದಿ ಕೊಟ್ಟಿದೀನಿ. ಸರ್ಕಾರಿ ವರದೀಲಿರೋ ಹಕ್ಕಿ ಇಲ್ಲ ಅನ್ನೋದಕ್ಕೆ ನೀವು ಯಾರು?"

ಅವರು ನೋಡಿದ್ದು ಮುಚ್ಚಳವನ್ನೆಂದು ಹೇಳುವ ಮಾತು ಮಸೂರಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ತಾನು ಬೇಕಾದರೆ ಕೆಸರಿನಲ್ಲಿ ನಿಲ್ಲಬಹುದು, ಇನ್ನೊಬ್ಬರನ್ನು ಎಳೆಯುವುದು ಬೇಡ ಅನ್ನಿಸಿತು.

"ಆಯ್ತು ಸ್ವಾಮಿ, ನೀವು ನೋಡಿದೀರಿ. ಆದರೆ ಇಲ್ಲೊಂದು ಗೂಡಿದೆ. ಇದನ್ನೂ ಒಂದು ಸಲ ನೋಡಿಬಿಡಿ."

"ಎಲ್ಲಿದೆ? ಅದು ಕಸ!"

"ಕಸದ ಹಾಗೆ ಕಾಣಲಿ ಅಂತಲೇ ಅದು ಹಾಗೆ ಮಾಡಿಕೊಂಡಿರೋದು. ಐದು ನಿಮಿಷ ಎಲ್ಲರೂ ಸುಮ್ಮನೆ ಕೂತುಕೊಳ್ಳಿ. ಹಕ್ಕಿ ಬರದಿದ್ದರೆ ನಾನೇ ಕುಡುಗೋಲು ಹಿಡೀತೀನಿ."

ಆಗ ಟೀಚರಮ್ಮ ಎದ್ದು ನಿಂತರು. "ಕೂತ್ಕೊಳ್ಳಿ ಎಲ್ಲರೂ" ಎಂದರು. ಇಷ್ಟು ವರ್ಷ ಶಾಲೆ ನಡೆಸಿದ ದನಿ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಪಾಠ ಕಲಿತವರು. ಎಂಜಿನಿಯರರೂ ಸೇರಿ ಎಲ್ಲರೂ ಕೂತರು.

ಮಸೂರಪ್ಪ ಮೆಲ್ಲನೆ ಮೇಲೆ ಬಂದು, ನೀರು ಸುರಿಸುತ್ತ ದಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಐದು ನಿಮಿಷ ದಾಟಿ ಎಷ್ಟಾಯಿತೋ ಯಾರೂ ನೋಡಲಿಲ್ಲ. ಮೊದಲು ಕೆಮ್ಮು ನಿಂತಿತು, ಆಮೇಲೆ ಪಿಸುಮಾತು ನಿಂತಿತು. ಅಷ್ಟು ಜನ ಆ ಕೆರೆಯ ಎದುರು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲಿರಬೇಕು. ಗಾಳಿಗೆ ಜೊಂಡು ಸರಸರ ಎನ್ನುವುದು ಕೇಳಿಸಿತು.

ಗುಳುಕ್ಕೆಂದು ನೀರು ಬಾಯಿ ಬಿಟ್ಟಿತು. ಕುಳ್ಳ ಹಕ್ಕಿ ಮೇಲೆ ಬಂತು. ಕತ್ತು ಎತ್ತಿ ಜನರನ್ನು ನೋಡಿತು. ಎಂಜಿನಿಯರರ ಕೈ ತಾನಾಗಿ ಕುಡುಗೋಲನ್ನು ಕೆಳಗಿಟ್ಟಿತು. ಹಕ್ಕಿ ಗುಪ್ಪೆ ಹತ್ತಿ, ಪಾಚಿಯ ಎಳೆಗಳನ್ನು ಒಂದೊಂದೇ ಸರಿಸಿ, ಮೊಟ್ಟೆಗಳನ್ನು ಎಣಿಸಿಕೊಂಡಂತೆ ತಲೆ ಬಗ್ಗಿಸಿ, ಕೂತಿತು.

ಯಾರೂ "ಆಹಾ" ಎನ್ನಲಿಲ್ಲ.

ಬಹಳ ಹೊತ್ತಾದ ಮೇಲೆ ಗಾರ್ಡ್ ಸಾಹೇಬರು ಮಸೂರಪ್ಪನ ಕಿವಿಯಲ್ಲಿ, "ಇದಕ್ಕೆ ಜುಟ್ಟಿಲ್ಲ ಅಲ್ವಾ?" ಎಂದರು.

"ಇಲ್ಲ ಸಾಹೇಬರೇ."

"ನಾನೂ ಹಾಗೇ ಅಂದ್ಕೊಂಡೆ" ಎಂದು ಅವರು ನಿಟ್ಟುಸಿರು ಬಿಟ್ಟರು. ಹೊಟ್ಟೆ ತನ್ನ ಜಾಗಕ್ಕೆ ಬಂತು.

ಕೆಲಸದವರು ಕುಡುಗೋಲುಗಳನ್ನು ಗೋಣಿಚೀಲಕ್ಕೆ ಸೇರಿಸಿದರು. ಶಾಮಿಯಾನವನ್ನು ಸದ್ದಿಲ್ಲದೆ ಬಿಚ್ಚಿದರು. ವೇದಿಕೆಯನ್ನು ಆಚೆ ದಡದ ಬರಡು ಜಾಗಕ್ಕೆ ಸ್ಥಳಾಂತರಿಸಲಾಗಿದೆ ಎಂದು ಎಂಜಿನಿಯರರು ಮೈಕಿಲ್ಲದೆ ಘೋಷಿಸಿದರು. ನೇರಳೆ ಜುಟ್ಟಿನ ಹಕ್ಕಿ ಬೇರೆ ಊರಿಗೆ ವಲಸೆ ಹೋಗಿದೆಯೆಂದು ಇನ್ನೊಂದು ವರದಿ ಹೋಯಿತಂತೆ. ಆ ಊರಿನವರ ಪಾಡು ನಮಗೆ ಗೊತ್ತಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ಮಸೂರಪ್ಪ ಅಂದುಕೊಂಡಿದ್ದ. ಮರುದಿನ ಸಂಜೆ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಟೀಚರಮ್ಮ ಬಂದರು. ಬಾಗಿಲ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಿದರು. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಹೇಳಿಸಿಕೊಳ್ಳದೆಯೇ ಫಲಕದ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿನವರೆಗೂ ಒಂದು ತಪ್ಪಿಲ್ಲ. ಮಸೂರಪ್ಪ ತಲೆದೂಗಿದ. ಆಮೇಲೆ ತಿರುಗಿ ನೋಡಿದ. ಆ ದಿನ ಗೋಡೆ ಒರೆಸುವುದಕ್ಕೆಂದು ಅವನು ಫಲಕವನ್ನು ತೆಗೆದು ಕೆಳಗಿಟ್ಟಿದ್ದ. ಟೀಚರಮ್ಮ ಓದಿದ್ದು ಖಾಲಿ ಗೋಡೆಯನ್ನು.

ಮಸೂರಪ್ಪ ಮಾತಾಡಲಿಲ್ಲ. ಆ ಮೌನದಿಂದಲೇ ಅವರಿಗೆ ತಿಳಿಯಿತು.

"ಫಲಕ ಇಲ್ವಾ?"

"ಇಲ್ಲ ಟೀಚರಮ್ಮ. ಕೆಳಗಿದೆ."

ಅವರು ಕೈಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡರು. "ಎರಡು ವರ್ಷದಿಂದ ಮಂಜು ಮಂಜು. ಕೆರೆ ಹತ್ತಿರ ನಾನು ನೋಡಿ ಹೇಳ್ತಿರಲಿಲ್ಲ, ಕೇಳಿ ಹೇಳ್ತಿದ್ದೆ. ಕೂಗು ಎಲ್ಲಿಂದ ಬಂತೋ ಆ ಕಡೆ ಕೈ ತೋರಿಸ್ತಿದ್ದೆ. ಅವತ್ತು ಕೂಗಿದ್ದು ಗುಳುಮುಳುಕ. ನೀವು ನೇರಳೆ ಜುಟ್ಟು ಅಂದ್ರಿ. ಎಲ್ಲರೂ ಹೌದು ಅಂದರು. ಆಗ ಅನ್ನಿಸಿತು, ಕಣ್ಣಂತೂ ಹೋಯ್ತು, ಈಗ ಕಿವೀನೂ ಹೋಯ್ತು ಅಂತ. ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ. ಬಳಗ ಬಿಟ್ಟುಬಿಡೋಣ ಅಂತಿದ್ದೆ."

ನಾಚಿಕೆಯೆಂದರೆ ಸೊಂಟದವರೆಗಿನ ಕೆಸರು ಎಂದು ಮಸೂರಪ್ಪ ತಿಳಿದಿದ್ದ. ಅದು ಅದಕ್ಕಿಂತ ಆಳವಿತ್ತು.

"ತಪ್ಪಾಯ್ತು ಟೀಚರಮ್ಮ."

"ತಪ್ಪು ನನ್ನದೂ ಇದೆ. ನೋಡಿದೆ ಅಂದವಳು ನಾನೇ ಅಲ್ವಾ? ಈಗ ಏನು ಮಾಡೋದು ಹೇಳಿ. ದಪ್ಪ ಗಾಜಿನ ಕನ್ನಡಕ ಏನಾದರೂ ಇದೆಯಾ?"

ಅವನು ದೀಪ ಹಿಡಿದು ಅವರ ಕಣ್ಣುಗಳನ್ನು ನೋಡಿದ. ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಬೆಳೆದಿತ್ತು. "ನನ್ನ ಅಂಗಡೀಲಿ ಇದಕ್ಕೆ ಕನ್ನಡಕ ಇಲ್ಲ" ಎಂದ. ಅಂಗಡಿ ಇಟ್ಟಾಗಿನಿಂದ ಗಿರಾಕಿಯೊಬ್ಬರಿಗೆ ಹೀಗೆ ಹೇಳಿದ್ದು ಅದೇ ಮೊದಲು. "ಪೊರೆ ತೆಗೆಸಬೇಕು. ಆಸ್ಪತ್ರೆಗೆ ನಾನೇ ಕರಕೊಂಡು ಹೋಗ್ತೀನಿ."

"ಕಾಣುತ್ತಾ ಆಮೇಲೆ?"

"ಕಾಣಬೇಕು. ಕಾಣದಿದ್ದರೆ ಕಾಣಲಿಲ್ಲ ಅಂತ ಹೇಳಿ. ಇನ್ನೊಂದು ದಾರಿ ಹುಡುಕೋಣ."

ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿ, ಔಷಧದ ಹನಿಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಟೀಚರಮ್ಮ ಮತ್ತೆ ಕಟ್ಟೆಗೆ ಬಂದರು. ಅಷ್ಟು ಹೊತ್ತಿಗೆ ಗುಳುಮುಳುಕದ ಮರಿಗಳು ತಾಯಿಯ ಬೆನ್ನಿಳಿದು ತಾವೇ ಮುಳುಗು ಹಾಕುವುದನ್ನು ಕಲಿಯುತ್ತಿದ್ದವು. ಬಳಗದಲ್ಲಿ ಈಗ ಮೊದಲಿಗಿಂತ ಜನ ಹೆಚ್ಚು. ದುರ್ಬೀನು ಕೈಯಿಂದ ಕೈಗೆ ಹೋಗುವುದು ಮಾತ್ರ ಬಹಳ ನಿಧಾನವಾಗಿತ್ತು. "ನನಗೆ ಕಾಣ್ತಿಲ್ಲ, ತಡೀರಿ" ಎಂದು ಪ್ರತಿಯೊಬ್ಬರೂ ಹೇಳುತ್ತಿದ್ದುದರಿಂದ ಸಾಲು ಮುಂದಕ್ಕೆ ಸಾಗುತ್ತಲೇ ಇರಲಿಲ್ಲ. ಗಾರ್ಡ್ ಸಾಹೇಬರು ಎರಡೆರಡು ಸಲ "ಕಾಣ್ತಿಲ್ಲ" ಎಂದರು.

ಟೀಚರಮ್ಮ ದುರ್ಬೀನು ಹಿಡಿದು, ತಿರುಗಣೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಇಷ್ಟು ಸಣ್ಣದಾ ಇದು?" ಎಂದರು. "ಆ ಕೂಗು ಕೇಳಿ ಇನ್ನೂ ದೊಡ್ಡದಿರಬೇಕು ಅಂದ್ಕೊಂಡಿದ್ದೆ. ಮರಿಗಳ ಮುಖದ ಮೇಲೆ ಪಟ್ಟೆ ಇದೆ ನೋಡಿ. ಅಯ್ಯೋ, ಒಂದು ಹಿಂದೆ ಉಳಿದುಬಿಡ್ತು. ಹಾಂ, ಬಂತು, ಬಂತು."

ಮಸೂರಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಟೀಚರಮ್ಮ ದುರ್ಬೀನು ಇಳಿಸಿ, ಕಣ್ಣೊರೆಸಿಕೊಂಡು, ಅವನ ಕಡೆ ತಿರುಗಿದರು. ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಅವರು ಅವನನ್ನು ನಿಜವಾಗಿ ನೋಡುತ್ತಿರುವುದು ಇದೇ ಮೊದಲು.

"ಇದೇನ್ರೀ" ಎಂದರು, ಶಾಲೆಯ ದನಿಯಲ್ಲಿ. "ಇಷ್ಟು ದಿನವೂ ಅಂಗಿಯ ಗುಂಡಿ ಹೀಗೇ ಸೊಟ್ಟಗೆ ಹಾಕ್ಕೊಂಡು ಬರ್ತಿದ್ರಾ?"